ಕಾಗೆಬಂಗಾರದಿಂದ ಬೋರ್‌ವೆಲ್‌ವರೆಗೆ

ಭೂವಿಜ್ಞಾನದ ಎಂಎಸ್ಸಿಗೆ ಸೇರಿದ ಹುಡುಗ ದಸರಾ ರಜೆಗೆ ಊರಿಗೆ ಬಂದರೆ ಮೊದಲ ದಿನವೇ ಜಗಲಿಯಲ್ಲಿ ವಿಚಾರಣೆ: ‘ಕಲ್ಲು-ಮಣ್ಣು ಓದ್ತಿದೀಯಂತಲ್ಲಪ್ಪ, ನಮ್ ಹೊಲದಾಗೆ ಎಲ್ಲಿ ಕೊರೆಸಿದ್ರೆ ನೀರು ಬೀಳ್ತದೆ ಹೇಳು.’ ಹುಡುಗ ತಡವರಿಸುತ್ತಾನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರು ಹತ್ತು ನಿಮಿಷದಲ್ಲಿ ಜಾಗ ತೋರಿಸಿ ದಕ್ಷಿಣೆ ತಗೊಂಡು ಹೋಗುತ್ತಾರೆ. ಇವನಿಗೋ ಟೋಪೋಶೀಟ್ ಬೇಕು, ರೆಸಿಸ್ಟಿವಿಟಿ ಮೀಟರ್ ಬೇಕು, ಸುತ್ತಲಿನ ಹಳೆಯ ಬಾವಿಗಳ ಲೆಕ್ಕ ಬೇಕು. ಅಷ್ಟಾದ ಮೇಲೂ ‘ಸಿಗಬಹುದು’ ಎನ್ನುತ್ತಾನೆ. ಊರಿನವರ ಕಣ್ಣಲ್ಲಿ ಅವನು ಅಲ್ಲಿಗೆ ಫೇಲು. ನನಗೆ ಮಾತ್ರ, ಆ ‘ಬಹುದು’ ಕಲಿಯುವುದಕ್ಕೇ ಎರಡು ವರ್ಷ ಬೇಕು ಅನಿಸುತ್ತದೆ.

ಯಾಕೆಂದರೆ ಕರ್ನಾಟಕದ ಬಹುಪಾಲು ನೆಲ ನಿಂತಿರುವುದು ನೈಸ್, ಗ್ರಾನೈಟ್, ಷಿಸ್ಟ್‌ಗಳ ಮೇಲೆ. ಗಂಗಾ ಬಯಲಿನ ಹಾಗೆ ನೀರು ಹೀರಿ ಇಟ್ಟುಕೊಳ್ಳುವ ಮರಳಿನ ದಪ್ಪ ಪದರ ನಮ್ಮಲ್ಲಿಲ್ಲ. ಇರುವ ನೀರೆಲ್ಲ ಮೇಲಿನ ಕೊಳೆತ ಕಲ್ಲಿನಲ್ಲಿ, ಕೆಳಗಿನ ಬಂಡೆಯ ಬಿರುಕಿನಲ್ಲಿ. ಬಿರುಕು ತಪ್ಪಿದರೆ ಹತ್ತು ಮಾರು ಆಚೆ ಎರಡಿಂಚು ನೀರಿದ್ದರೂ ನಿಮ್ಮ ಬೋರಿನಲ್ಲಿ ಬರೀ ದೂಳು. ಇನ್ನೂ ಆಳಕ್ಕೆ ಕೊರೆದು ನೀರು ಸಿಕ್ಕಿತು ಅನ್ನಿ, ಆಗ ಇನ್ನೊಂದು ತಲೆನೋವು. ಗ್ರಾನೈಟಿನಲ್ಲಿರುವ ಅಪಟೈಟ್, ಫ್ಲೋರೈಟ್, ಕಪ್ಪು ಅಭ್ರಕಗಳಲ್ಲಿ ಫ್ಲೋರಿನ್ ಅಡಗಿದೆ. ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕ್ಷಾರವಾಗುತ್ತದೆ, ಅದರ ಕ್ಯಾಲ್ಸಿಯಂ ಸುಣ್ಣವಾಗಿ ಕಟ್ಟಿಕೊಂಡು ಹೊರಬೀಳುತ್ತದೆ. ಫ್ಲೋರೈಡನ್ನು ಹಿಡಿದಿಡುವವರು ಯಾರೂ ಉಳಿಯುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ಇನ್ನೂ ಹೆಚ್ಚಾದರೆ ಮೂಳೆಗೇ ಪೆಟ್ಟು. ಪಾವಗಡ, ಕೋಲಾರದ ಕಡೆಯವರಿಗೆ ಇದನ್ನು ಪುಸ್ತಕ ತೆರೆದು ಹೇಳಬೇಕಾಗಿಲ್ಲ. ಕಲ್ಲು ಭೂವಿಜ್ಞಾನ ವಿಭಾಗದ್ದು, ನೀರು ಪರಿಸರ ವಿಜ್ಞಾನದ್ದು, ಹಲ್ಲು ಡಾಕ್ಟರದ್ದು ಅಂತ ವಿಶ್ವವಿದ್ಯಾಲಯ ಕೋಣೆ ಹಂಚಿಕೊಟ್ಟಿದೆ. ಬೋರ್‌ವೆಲ್ ಆ ಹಂಚಿಕೆಯನ್ನು ಒಪ್ಪುವುದಿಲ್ಲ.

ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಈ ಓದಿನ ಅರ್ಧ ಮೊದಲೇ ಗೊತ್ತಿರುತ್ತದೆ, ಗೊತ್ತಿದೆ ಅನ್ನುವುದಷ್ಟೇ ಗೊತ್ತಿರುವುದಿಲ್ಲ. ಕಾಗೆಬಂಗಾರವನ್ನು ಉಗುರಲ್ಲಿ ಎಬ್ಬಿ ಪದರ ಬಿಡಿಸಿದ ಹುಡುಗಿಗೆ ಅಭ್ರಕ ಒಂದೇ ದಿಕ್ಕಿನಲ್ಲಿ ಸೀಳುತ್ತದೆ ಎಂದು ಮೇಷ್ಟ್ರು ಹೇಳಬೇಕೆ? ಬೆಣಚುಕಲ್ಲು ಉಜ್ಜಿ ಕಿಡಿ ಹಾರಿಸಿದ್ದೇವೆ, ಬಳಪದ ಕಲ್ಲಿನಲ್ಲಿ ನೆಲದ ಮೇಲೆ ಗೀಚಿದ್ದೇವೆ. ಹೊಯ್ಸಳರ ಶಿಲ್ಪಿಗಳು ಅಷ್ಟು ನಾಜೂಕಾಗಿ ಕೆತ್ತಿದ್ದು ಅದೇ ಜಾತಿಯ ಮೆದು ಕಲ್ಲನ್ನು. ಕರಾವಳಿಯವರ ಮನೆ ಗೋಡೆಯೇ ಮುರಕಲ್ಲು. ಆದರೆ ವೈವಾದಲ್ಲಿ ಇವೆಲ್ಲ ಮಸ್ಕೊವೈಟ್, ಕ್ವಾರ್ಟ್ಜ್, ಸ್ಟಿಯಟೈಟ್, ಲ್ಯಾಟರೈಟ್ ಆಗಿ ಎದುರು ನಿಲ್ಲುತ್ತವೆ. ಹುಡುಗಿ ಬಾಯಿ ಕಟ್ಟಿಕೊಂಡು ಕೂರುತ್ತಾಳೆ. ಮೊದಲ ವಾರದಲ್ಲೇ ಎರಡೂ ಹೆಸರು ಜೋಡಿಸಿ ಹೇಳಿಕೊಡುವ ಮೇಷ್ಟ್ರು ಸಿಕ್ಕರೆ ಅದೃಷ್ಟ.

ಇನ್ನು ಫೀಲ್ಡ್. ಸುತ್ತಿಗೆ, ಬ್ರಂಟನ್ ಕಂಪಾಸ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೆನ್ಸ್, ನೀರಿನ ಬಾಟಲಿ, ಬೆನ್ನ ಮೇಲೆ ಕಲ್ಲು ತುಂಬುತ್ತಾ ಹೋಗುವ ಚೀಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಕರೆದುಕೊಂಡು ಹೋಗುತ್ತಾರೆ. ಜಾಲಿ, ಬಿಸಿಲು, ಒಣ ನೆಲ; ನಡುವೆ ದಿಂಬು ಪೇರಿಸಿಟ್ಟ ಹಾಗೆ ಉಬ್ಬುಬ್ಬಿದ ಕಪ್ಪುಹಸಿರು ಬಂಡೆ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಟಕ್ಕನೆ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ದ್ರವ ಆ ಸಿಪ್ಪೆಯನ್ನು ಉಬ್ಬಿಸುತ್ತದೆ, ಹಾಗೆ ಹುಟ್ಟುತ್ತದೆ ಈ ದಿಂಬು. ಅಂದರೆ ಟ್ಯಾಂಕರ್ ನೀರಿಗೆ ಕಾಯುವ ಈ ಸೀಮೆ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿತ್ತು. ಇದನ್ನು ಸ್ಲೈಡಿನಲ್ಲೂ ತೋರಿಸಬಹುದು, ಪರೀಕ್ಷೆಗೆ ಅದು ಸಾಕು. ಬೆರಳಿನಿಂದ ದಿಂಬಿನ ಅಂಚು ಸವರಿದವನು ಮಾತ್ರ ಮರುದಿನ ಕ್ಲಾಸಿಗೆ ಬೇರೆ ಮುಖ ಹೊತ್ತು ಬರುತ್ತಾನೆ.

ನಮ್ಮಲ್ಲಿ ಈ ಓದಿಗೆ ಗಟ್ಟಿ ಪರಂಪರೆಯೇ ಇದೆ. ಧಾರವಾಡದ ಹೆಸರನ್ನು ಜಗತ್ತಿನ ಭೂವಿಜ್ಞಾನಕ್ಕೆ ಕೊಟ್ಟ ರಾಬರ್ಟ್ ಬ್ರೂಸ್ ಫೂಟ್ 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥ. ಅದೇ ಇಲಾಖೆಯಲ್ಲಿ ದುಡಿದ ಬಿ.ಪಿ. ರಾಧಾಕೃಷ್ಣ ರಾಮನಗರದ ಗುಡ್ಡಗಳ ಗ್ರಾನೈಟನ್ನು ಅಭ್ಯಾಸ ಮಾಡಿದರು, ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ನಿಯತಕಾಲಿಕವನ್ನು ದಶಕಗಳ ಕಾಲ ಸಂಪಾದಿಸಿದರು, ಕನ್ನಡದಲ್ಲೂ ಬರೆದರು. ಬರೆಯದಿದ್ದರೆ ಜಗಲಿಯ ಪ್ರಶ್ನೆಗೆ ಉತ್ತರ ಹೇಗೆ ತಲುಪೀತು?

ಪರಿಸರದ ಪಾಠದ ಕಥೆ ಸ್ವಲ್ಪ ಬೇಸರದ್ದು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಎಲ್ಲ ಪದವಿ ವಿದ್ಯಾರ್ಥಿಗಳೂ ಅದನ್ನು ಓದಬೇಕಾಯಿತು. ಆದೇಶದ ಉದ್ದೇಶ ದೊಡ್ಡದು, ಆದರೆ ಎಷ್ಟೋ ಕಡೆ ಅದು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವಿ ಪಾಸಾಗುವ ಪೇಪರ್ ಆಗಿ ಉಳಿದಿದೆ. ಊರ ಕೆರೆಯ ಕೋಡಿ ಯಾವ ಕಡೆಗಿದೆ ಎಂದು ನೋಡದೆ ಓಜೋನ್ ಪದರದ ಬಗ್ಗೆ ಐದು ಅಂಕಕ್ಕೆ ಬರೆದು ಬರುತ್ತಾರೆ.

ಕೆಲಸದ ಮಾತು ಕೇಳುವವರಿಗೆ: ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೂ ಕೇಂದ್ರೀಯ ಅಂತರ್ಜಲ ಮಂಡಳಿಗೂ ಬಾಗಿಲು. ಗೇಟ್‌ನಲ್ಲಿ ಭೂವಿಜ್ಞಾನದ ಪತ್ರಿಕೆ ಹಿಂದಿನಿಂದಲೂ ಇತ್ತು, 2021ರಿಂದ ಪರಿಸರ ವಿಜ್ಞಾನಕ್ಕೂ ಪ್ರತ್ಯೇಕ ಪತ್ರಿಕೆ ಬಂದಿದೆ. ಗಣಿ, ಸುರಂಗ, ಅಣೆಕಟ್ಟು, ಪರಿಸರ ಪರಿಣಾಮದ ವರದಿ ಬರೆಯುವ ಕಂಪನಿಗಳು ಬೇರೆ ಇವೆ. ಸಾಫ್ಟ್‌ವೇರ್‌ನಷ್ಟು ಸಲೀಸಾಗಿ ಕೆಲಸ ಸಿಗುವುದಿಲ್ಲ, ಅದನ್ನು ಮುಚ್ಚಿಡಬಾರದು.

ಮಗಳೋ ಮಗನೋ ಈ ಕೋರ್ಸ್ ಬೇಕು ಅಂದರೆ ಬೇಡ ಅನ್ನಬೇಡಿ. ಫೀಸು ಕಟ್ಟುವ ಮುಂಚೆ ಆ ವಿಭಾಗಕ್ಕೆ ಒಮ್ಮೆ ಹೋಗಿ ಎರಡೇ ಪ್ರಶ್ನೆ ಕೇಳಿ. ವರ್ಷಕ್ಕೆ ಎಷ್ಟು ದಿನ ಫೀಲ್ಡಿಗೆ ಕರೆದುಕೊಂಡು ಹೋಗುತ್ತೀರಿ? ಕಲ್ಲನ್ನು 0.03 ಮಿಲಿಮೀಟರಿಗೆ ತೇದು ನೋಡುವ ಮೈಕ್ರೋಸ್ಕೋಪುಗಳಲ್ಲಿ ಕೆಲಸ ಮಾಡುತ್ತಿರುವುದು ಎಷ್ಟು? ಕಟ್ಟಡ ಚೆನ್ನಾಗಿದೆ, ಹಾಸ್ಟೆಲ್ ಚೆನ್ನಾಗಿದೆ ಎಂದು ಮಾತು ಬೇರೆ ಕಡೆ ತಿರುಗಿದರೆ ಇನ್ನೊಂದು ವಿಶ್ವವಿದ್ಯಾಲಯ ನೋಡಿ.