ಊರಿಗೆ ಹೊರಡುವ ಮುಂಚೆ: ಟಿಕೆಟ್, ಪೆಟ್ಟಿಗೆ ಮತ್ತು ಬೇರೆಯವರ ಪೊಟ್ಟಣ

ಶಾಲೆಗೆ ರಜೆ ಬಿತ್ತು ಅಂದ್ರೆ ದುಬೈಯಲ್ಲಿ ಊರಿನ ಟಿಕೆಟ್ ಮುಟ್ಟಲಿಕ್ಕಾಗುವುದಿಲ್ಲ. ಜೂನ್ ಕೊನೆಯಿಂದ ಫ್ಯಾಮಿಲಿಯವರೆಲ್ಲ ಒಟ್ಟಿಗೆ ಹೊರಡುತ್ತಾರೆ, ಆಗಸ್ಟ್ ಕೊನೆಗೆ ಒಟ್ಟಿಗೆ ವಾಪಸ್ ಬರುತ್ತಾರೆ. ಕ್ಯಾಂಪಿನಲ್ಲಿ, ಬೆಡ್ ಸ್ಪೇಸಿನಲ್ಲಿ ಇರುವ ನಮಗೆ ಆ ಗುಂಪಿನಲ್ಲಿ ನುಗ್ಗುವ ಅಗತ್ಯ ಏನು? ಮನೆಯಲ್ಲಿ ಮದುವೆ, ಕಾಯಿಲೆ ಅಂತ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಆಗಸ್ಟ್ ಕೊನೆಯಲ್ಲಿ, ಎಲ್ಲರೂ ಈ ಕಡೆ ಬರುವಾಗ, ನಾವು ಆ ಕಡೆ ಹೋಗುವುದು ಲಾಭ. ಜನವರಿ ಮಧ್ಯದಿಂದ ಫೆಬ್ರವರಿವರೆಗೂ ಸಾಮಾನ್ಯವಾಗಿ ರೇಟು ಇಳಿದಿರುತ್ತದೆ. ಡಿಸೆಂಬರ್ ಕೊನೆ ಮತ್ತು ಈದ್ ಹಿಂದುಮುಂದಿನ ದಿನಗಳನ್ನು ಬಿಟ್ಟುಬಿಡಿ.

ಆದರೆ ಲೀವ್ ಯಾವಾಗ ಅಂತ ಗೊತ್ತಾಗದೆ ಟಿಕೆಟ್ ತೆಗೆಯುವುದು ಹೇಗೆ? ಇದೇ ನಮ್ಮ ದೊಡ್ಡ ತೊಂದರೆ. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಒಂದು ವರ್ಷ ಕೆಲಸ ಮಾಡಿದವರಿಗೆ ವರ್ಷಕ್ಕೆ 30 ದಿನ ಸಂಬಳದ ರಜೆ ಇದೆ. ದಿನಾಂಕ ಗೊತ್ತುಮಾಡುವುದು ಕಂಪನಿ, ಆದರೆ ಅದನ್ನು ಕನಿಷ್ಠ ಒಂದು ತಿಂಗಳು ಮೊದಲು ತಿಳಿಸಬೇಕು. ಬಾಯಿಮಾತಿನಲ್ಲಿ 'ನೋಡುವ' ಅಂದದ್ದನ್ನು ನಂಬಿ ಟಿಕೆಟ್ ತೆಗೆಯಬೇಡಿ, ಲೀವ್ ಫಾರ್ಮಿಗೆ ಸಹಿ ಬೀಳಲಿ. ಇನ್ನೊಂದು ವಿಷಯ: ರಜೆಗೆ ಹೋಗುವಾಗ ಕಂಪನಿ ಟಿಕೆಟ್ ಕೊಡಲೇಬೇಕು ಅಂತ ಕಾನೂನಿನಲ್ಲಿಲ್ಲ, ಅದು ನಿಮ್ಮ ಕಾಂಟ್ರಾಕ್ಟಿನಲ್ಲಿ ಬರೆದದ್ದರ ಮೇಲೆ ಹೋಗುತ್ತದೆ. ಪಾಸ್‌ಪೋರ್ಟ್ ಮಾತ್ರ ನಿಮ್ಮದೇ. ಕಂಪನಿ ಅದನ್ನು ಹಿಡಿದಿಟ್ಟುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ. ಕೊಡದಿದ್ದರೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342ಕ್ಕೆ ಫೋನ್ ಮಾಡಿ.

ಈಗ ಟಿಕೆಟಿನ ವಿಷಯ. ನಾನು ಮೊದಲ ಸಲ ಊರಿಗೆ ಹೊರಟಾಗ ಒಬ್ಬ ಏಜೆಂಟ್ ಹತ್ತಿರ ತುಂಬಾ ಕಮ್ಮಿಗೆ ಸಿಕ್ಕಿತು ಅಂತ ಖುಷಿಯಲ್ಲಿದ್ದೆ. ಕೌಂಟರಿನಲ್ಲಿ ಪೆಟ್ಟಿಗೆ ಇಟ್ಟಾಗ ಗೊತ್ತಾಯಿತು, ಅದು ಬರೀ ಕೈಚೀಲದ ಟಿಕೆಟ್, 7 ಕಿಲೋ ಮಾತ್ರ. ನನ್ನ ಪೆಟ್ಟಿಗೆ 28 ಕಿಲೋ. ಅಲ್ಲಿ ಕೇಳಿದ ಹಣ ಟಿಕೆಟಿಗಿಂತ ಹೆಚ್ಚು. ತಂಗಿಯ ಮಕ್ಕಳ ಬಟ್ಟೆ ಮತ್ತು ಅಮ್ಮನ ಕಂಬಳಿ ಕೈಚೀಲಕ್ಕೆ ತುರುಕಿ, ಉಳಿದದ್ದನ್ನು ಬಿಡಲು ಬಂದಿದ್ದ ರೂಮ್‌ಮೇಟ್ ಕೈಗೆ ಕೊಟ್ಟು ಹತ್ತಿದೆ. ಎರಡು ವರ್ಷ ಕೂಡಿಹಾಕಿದ ಸಾಮಾನು ಮಾರಾಯ್ರೆ. ಹಾಗಾಗಿ ರೇಟು ನೋಡುವ ಮೊದಲು ಎಷ್ಟು ಕಿಲೋ ಅಂತ ನೋಡಿ. ಹೆಚ್ಚು ತೂಕ ಬೇಕಿದ್ದರೆ ಮುಂಚೆಯೇ ಆನ್‌ಲೈನಿನಲ್ಲಿ ಕೊಂಡರೆ ಕೌಂಟರಿಗಿಂತ ಅಗ್ಗ. ಏಜೆಂಟ್ ಕೊಟ್ಟ ಪಿಎನ್‌ಆರ್ ನಂಬರನ್ನು ವಿಮಾನ ಕಂಪನಿಯ ವೆಬ್‌ಸೈಟಿಗೆ ಹಾಕಿ, ನಿಮ್ಮ ಹೆಸರು, ದಿನಾಂಕ, ಬ್ಯಾಗೇಜ್ ಮೂರನ್ನೂ ನೀವೇ ನೋಡಿಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಇರಬೇಕು.

ವಿಮಾನದ ರೇಟು ಒಂದೇ ನೋಡಿದರೂ ಲೆಕ್ಕ ತಪ್ಪುತ್ತದೆ. ಮನೆ ಬಾಗಿಲವರೆಗಿನ ಖರ್ಚು ಕೂಡಿಸಬೇಕು. ನನ್ನ ರೂಮಿನಲ್ಲಿ ಸೇಡಂ ಕಡೆಯ ಹುಡುಗ ಒಬ್ಬನಿದ್ದಾನೆ. ಬೆಂಗಳೂರು ಟಿಕೆಟ್ ನೂರು ದಿರ್ಹಂ ಕಮ್ಮಿ ಇದ್ದರೂ ಅವನು ಹೈದರಾಬಾದಿಗೇ ತೆಗೆಯುತ್ತಾನೆ. "ಬೆಂಗಳೂರಿಗೆ ಇಳದ್ರ ಇನ್ನೊಂದು ರಾತ್ರಿ ಟ್ರೇನ್‌ನ್ಯಾಗ ಕೂಡಬೇಕ್ರೀ ಅಣ್ಣಾ. ಹೈದರಾಬಾದಿಗೆ ಇಳದ್ರ ಮಧ್ಯಾಹ್ನ ಊಟಕ್ಕ ಮನ್ಯಾಗ ಇರ್ತೀನಿ," ಅನ್ನುತ್ತಾನೆ. ಕಲಬುರಗಿ, ಬೀದರ್, ರಾಯಚೂರಿನವರಿಗೆಲ್ಲ ಹೈದರಾಬಾದೇ ಹತ್ತಿರ. ಕಾರವಾರ, ಬೆಳಗಾವಿ ಕಡೆಯವರು ಗೋವಾ ನೋಡಬಹುದು. ನಮ್ಮ ಮಂಗಳೂರಿಗೆ ರೇಟು ಏರಿದಾಗ ಕೆಲವರು ಕಣ್ಣೂರಿಗೆ ಇಳಿಯುತ್ತಾರೆ. ಆದರೆ ಆ ವಿಮಾನ ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ, ಕಣ್ಣೂರು ರೈಲ್ವೆ ಸ್ಟೇಷನ್ನಿಗೆ ಮತ್ತೆ ಟ್ಯಾಕ್ಸಿ ಬೇಕು. ನಡುರಾತ್ರಿ ಇಳಿದರೆ ಉಳಿಸಿದ ದುಡ್ಡು ಅಲ್ಲೇ ಹೋಯಿತು. ಬೆಂಗಳೂರಿನಲ್ಲಿ ಇಳಿಯುವವರು ಹೊರಗೆ 'ಟ್ಯಾಕ್ಸಿ ಸಾರ್' ಅಂತ ಬೆನ್ನು ಬೀಳುವವರನ್ನು ದಾಟಿ ಬಿಎಂಟಿಸಿ ವಾಯು ವಜ್ರ ಬಸ್ ಹಿಡಿಯಿರಿ. ಮೈಸೂರಿಗೆ ನಿಲ್ದಾಣದಿಂದಲೇ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಮುಂದಕ್ಕೆ ರೈಲು ಬೇಕಿದ್ದರೆ ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ. ಲೀವ್ ಸಿಕ್ಕಿದ ದಿನವೇ ಮನೆಯವರಿಗೆ ಹೇಳಿ ಮಾಡಿಸಿಡಿ.

ಇಲ್ಲಿ ಏರ್‌ಪೋರ್ಟಿಗೆ ಹೋಗುವಾಗಲೂ ಹಾಗೇ. ದುಬೈ ಮೆಟ್ರೋ ರೆಡ್ ಲೈನ್ ಟರ್ಮಿನಲ್ 1 ಮತ್ತು 3ಕ್ಕೆ ಹೋಗುತ್ತದೆ, 2ಕ್ಕೆ ಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ 8ಕ್ಕೆ ಮುಂಚೆ ಮೆಟ್ರೋ ಇಲ್ಲ. ಒಬ್ಬರಿಗೆ ಒಂದು ದೊಡ್ಡದು, ಒಂದು ಸಣ್ಣದು ಬ್ಯಾಗಿಗೆ ಮಾತ್ರ ಬಿಡುತ್ತಾರೆ.

ಪೆಟ್ಟಿಗೆ ಕಟ್ಟುವಾಗ ಕೆಲವು ವಿಷಯ ಗಮನಿಸಿ. ಕಂಬಳಿಯಲ್ಲಿ ಸುತ್ತಿದ ದುಂಡಗಿನ ಗಂಟನ್ನು ದುಬೈ ಏರ್‌ಪೋರ್ಟಿನಲ್ಲಿ 2017ರಿಂದ ತೆಗೆದುಕೊಳ್ಳುವುದಿಲ್ಲ, ಬ್ಯಾಗಿಗೆ ಒಂದು ಚಪ್ಪಟೆ ಬದಿ ಇರಲೇಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಪೆಟ್ಟಿಗೆಯಲ್ಲಿ ಹಾಕಿದರೆ ತೆರೆಸಿ ತೆಗೆಸುತ್ತಾರೆ. ಅದರ ಮೇಲೆ 100 ವ್ಯಾಟ್-ಅವರ್ ಒಳಗೆ ಅಂತ ಬರೆದಿರಬೇಕು. ನಾವು ಬಳಸುವ 20,000 ಎಂಎಎಚ್‌ನದು ಸುಮಾರು 74, ತೊಂದರೆ ಇಲ್ಲ. ಟಿವಿ ಒಯ್ಯುವವರು ನೆನಪಿಡಿ, 2013ರಿಂದ ಫ್ಲ್ಯಾಟ್ ಟಿವಿಗೆ ಊರಿನಲ್ಲಿ ಕಸ್ಟಮ್ಸ್ ಸುಂಕ ಕಟ್ಟಲೇಬೇಕು. ವಿಮಾನದಲ್ಲಿ ಒಡೆಯದೆ ತಲುಪಿದರೂ ಸುಂಕ ಸೇರಿಸಿದಾಗ ಊರಿನ ಅಂಗಡಿಯದೇ ಅಗ್ಗ ಆಗುವುದುಂಟು. ಚಿನ್ನದ ರಿಯಾಯಿತಿ ಆಭರಣಕ್ಕೆ ಮಾತ್ರ, ಬಿಸ್ಕತ್ತು, ನಾಣ್ಯಕ್ಕೆ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ. ಅಂಗಡಿಯ ಬಿಲ್ ಜೊತೆಗಿರಲಿ. ಅದಕ್ಕಿಂತ ಹೆಚ್ಚಿದ್ದರೆ ರೆಡ್ ಚಾನೆಲ್‌ನಲ್ಲಿ ಹೋಗಿ ಹೇಳಿ. 'ಊರಲ್ಲಿ ನನ್ನ ಜನ ಬಂದು ತಗೊಳ್ತಾರೆ, ಒಂದು ಸರ ಹಾಕ್ಕೊಂಡು ಹೋಗು, ಟಿಕೆಟ್ ನಾನೇ ಕೊಡ್ತೇನೆ' ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಬಿಡಿ. ಸಿಕ್ಕಿಬಿದ್ದಾಗ ಅವರು ಯಾರೂ ಫೋನ್ ಎತ್ತುವುದಿಲ್ಲ.

ಇಷ್ಟೆಲ್ಲ ಹೋಗುವಾಗಿನ ಮಾತು. ನನಗೆ ನಿಜವಾಗಿ ಹೆದರಿಕೆ ಇರುವುದು ವಾಪಸ್ ಬರುವ ಪೆಟ್ಟಿಗೆಯ ಬಗ್ಗೆ.

ಹಿಂದೊಂದು ರಜೆಯ ಕೊನೆಯ ದಿನ, ನೆರೆಮನೆಯ ಅಕ್ಕ ಒಂದು ಪೊಟ್ಟಣ ತಂದುಕೊಟ್ಟರು. ಅವರ ಮಗ ಶಾರ್ಜಾದಲ್ಲಿದ್ದಾನೆ. ಹಪ್ಪಳ, ಸಂಡಿಗೆ, ಸ್ವಲ್ಪ ಮಸಾಲೆ ಅಂದರು. ಟೇಪ್ ಹಾಕಿ ಚೆನ್ನಾಗಿ ಸುತ್ತಿತ್ತು. ಹಾಗೇ ಪೆಟ್ಟಿಗೆಗೆ ಹಾಕಿದ್ದೆ. ರಾತ್ರಿ ತೂಕ ಹೆಚ್ಚಾಯಿತು ಅಂತ ಎಲ್ಲ ಹೊರಗೆ ತೆಗೆಯುವಾಗ ಅದನ್ನೂ ಬಿಚ್ಚಿದೆ. ಹಪ್ಪಳದ ನಡುವೆ ಒಂದು ಕಟ್ಟು ಗಸಗಸೆ, ಕಾಲು ಕಿಲೋ ಇದ್ದೀತು. ಮಗನಿಗೆ ಪಾಯಸ ಅಂದ್ರೆ ಇಷ್ಟ ಅಂತ ಹಾಕಿದ್ದರು, ಬೇರೆ ಯಾವ ದುರುದ್ದೇಶವೂ ಇಲ್ಲ. ಆದರೆ ಗಸಗಸೆ ಅಫೀಮು ಗಿಡದ ಬೀಜ. ಯುಎಇಯಲ್ಲೂ ಸೌದಿ, ಕತಾರ್‌ನಲ್ಲೂ ಅದು ನಿಷಿದ್ಧ, ಮಾದಕ ವಸ್ತುವಿನ ಕೇಸಾಗುತ್ತದೆ. ಪಾಯಸಕ್ಕೆ ಅಂತ ಹೇಳಿದರೆ ಕೇಳುವವರು ಯಾರು? ಪೆಟ್ಟಿಗೆ ನನ್ನದು, ಟ್ಯಾಗಿನಲ್ಲಿ ಹೆಸರು ನನ್ನದು.

ಬೆಳಿಗ್ಗೆ ವಾಪಸ್ ಕೊಟ್ಟಾಗ ಅಕ್ಕನಿಗೆ ಬೇಸರವಾಯಿತು. "ಅಡುಗೆ ಸಾಮಾನಿಗೂ ಪೊಲೀಸರಾ?" ಅಂದರು. ನಮ್ಮ ಅಮ್ಮನೂ ನನ್ನನ್ನೇ ಬೈದರು, ನೆರೆಯವರ ಮನಸ್ಸು ನೋಯಿಸಿದೆ ಅಂತ. ಅಂದಿನಿಂದ ನನ್ನದು ಒಂದೇ ಕ್ರಮ. ಯಾರ ಪೊಟ್ಟಣವಾದರೂ ನನ್ನೆದುರು ಬಿಚ್ಚಿ ತೋರಿಸಬೇಕು, ಕಟ್ಟುವುದು ನಾನೇ. ಒಪ್ಪದಿದ್ದರೆ ಒಯ್ಯುವುದಿಲ್ಲ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕುವವರಿದ್ದಾರೆ, ಅದನ್ನೂ ಕೇಳಿಕೊಳ್ಳಬೇಕು. ಒಣ ಕೊಬ್ಬರಿಯನ್ನು ಭಾರತದಲ್ಲಿ 2022ರಿಂದ ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಎಣ್ಣೆ ಅಂಶ ಹೆಚ್ಚು, ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯಬಹುದು. ತುಪ್ಪ, ಉಪ್ಪಿನಕಾಯಿ ಕೈಚೀಲಕ್ಕೆ ಬೇಡ, ಸೋರದ ಹಾಗೆ ಕಟ್ಟಿ ಪೆಟ್ಟಿಗೆಗೆ ಹಾಕಿ.

ಮಾತ್ರೆಗಳ ವಿಷಯ ಇನ್ನೂ ಸೂಕ್ಷ್ಮ. ಊರಿನ ಮೆಡಿಕಲ್ ಶಾಪಿನಲ್ಲಿ ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇಲ್ಲಿ ನಿಯಂತ್ರಿತ ಔಷಧಿ. ಡಾಕ್ಟರ ಚೀಟಿ ಇದ್ದರೂ ಸಾಲದು, ಮೊದಲೇ ಆನ್‌ಲೈನಿನಲ್ಲಿ ಸರ್ಕಾರದ ಅನುಮತಿ ತೆಗೆದುಕೊಳ್ಳಬೇಕು. ಬಿಪಿ, ಶುಗರಿನ ಮಾತ್ರೆಯನ್ನೂ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಸುರಿದುಕೊಂಡು ಬರಬೇಡಿ. ಸ್ಟ್ರಿಪ್, ಚೀಟಿ ಎರಡೂ ಜೊತೆಗಿರಲಿ. ಬೇರೆಯವರ ಮಾತ್ರೆಯಂತೂ ಎಷ್ಟೇ ಹತ್ತಿರದವರು ಕೇಳಿದರೂ ಬೇಡ.

ಊರಿಗೆ ಹೊರಡುವ ಮುಂಚೆ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇದೆಯಾ, ವೀಸಾ ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. ಅಮ್ಮನಿಗೆ ಆಪರೇಷನ್, ಗದ್ದೆ ಕೆಲಸ ಅಂತ ಉಳಿದುಬಿಡುವವರಿದ್ದಾರೆ. ಹೊರಗೆ 180 ದಿನ ದಾಟಿದರೆ ನಮ್ಮಂಥವರ ರೆಸಿಡೆನ್ಸ್ ವೀಸಾ ನಿಲ್ಲುವುದಿಲ್ಲ. ಇಸಿಆರ್ ಪಾಸ್‌ಪೋರ್ಟಿನಲ್ಲಿ ಬಂದವರು ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಅವಧಿಯನ್ನೂ ನೋಡಿ. 2 ವರ್ಷಕ್ಕೆ 275, 3 ವರ್ಷಕ್ಕೆ 375 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ಮುಗಿದಿದ್ದರೆ ಆನ್‌ಲೈನಿನಲ್ಲೇ ಮುಂದುವರಿಸಬಹುದು. ಪಾಲಿಸಿಯ ಒಂದು ಪ್ರತಿಯನ್ನು ಈ ಸಲ ಹೋದಾಗ ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು, ಎಲ್ಲಿಟ್ಟಿದ್ದಾರೆ ಅಂತ ನೋಡಿ ಬನ್ನಿ.