ಒಂದೇ ಸಂಖ್ಯೆಯ ಹಲವು ಮನೆಗಳು: ಸ್ಥಳೀಯ ಜಾಲದ ಐಪಿ ವಿಳಾಸ

ಅಹಮದಾಬಾದಿನ ಉತ್ತರದ ಚಾಂದ್‌ಖೇಡಾ, ಒಎನ್‌ಜಿಸಿ ಕಚೇರಿಗಳೂ 2007ರಲ್ಲಿ ಸ್ಥಾಪನೆಯಾದ ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯವೂ ನೆಲೆಗೊಂಡಿರುವ, ಸಾಲುಸಾಲು ಹೌಸಿಂಗ್ ಸೊಸೈಟಿಗಳ ಪ್ರದೇಶ. ಎ-12 ಎಂಬ ಮನೆ ಇಲ್ಲಿನ ಹಲವು ಸೊಸೈಟಿಗಳಲ್ಲಿ ಇರಬಹುದಾದರೂ ಗೊಂದಲವಾಗುವುದಿಲ್ಲ. ಗೇಟಿನೊಳಗೆ ಆ ಸಂಖ್ಯೆಯೊಂದೇ ಸಾಕು, ಗೇಟು ದಾಟಿದರೆ ಸೊಸೈಟಿಯ ಹೆಸರೂ ಬೇಕು. ಅಲ್ಲಿನ ಮನೆಗಳ ವೈ-ಫೈಗೆ ಸೇರುವ ಫೋನ್, ಟಿವಿ, ಪ್ರಿಂಟರುಗಳ ಐಪಿ ವಿಳಾಸಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ, 1981ರಲ್ಲಿ ರೂಪುಗೊಂಡ ನಾಲ್ಕನೆಯ ಆವೃತ್ತಿಯ ವಿಳಾಸವು 32 ಬಿಟ್‌ಗಳದು, ಅದನ್ನು 192.168.1.10 ಎಂಬಂತೆ 0ರಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ ಬರೆಯುತ್ತಾರೆ. ಇದರಿಂದ ದೊರೆಯುವ ಸುಮಾರು 429 ಕೋಟಿ ವಿಳಾಸಗಳು ಜಗತ್ತಿಗೆ ಸಾಲವೆಂಬುದು ಬೇಗನೆ ಅರಿವಾದ್ದರಿಂದ, 10, 172.16ರಿಂದ 172.31 ಹಾಗೂ 192.168 ಎಂದು ಆರಂಭವಾಗುವ ಮೂರು ಶ್ರೇಣಿಗಳನ್ನು ಖಾಸಗಿ ಜಾಲಗಳಿಗೆಂದೇ ಮೀಸಲಿಟ್ಟು, 1996ರಲ್ಲಿ ಇಂದಿನ ನಿಯಮವನ್ನು ಪ್ರಕಟಿಸಲಾಯಿತು. ಇವು ಸಾರ್ವಜನಿಕ ಇಂಟರ್‌ನೆಟ್ಟಿನಲ್ಲಿ ಸಂಚರಿಸುವುದಿಲ್ಲ. ಹೊರಗೆ ಹೋಗುವ ಮಾಹಿತಿಗೆ ರೂಟರ್ ತನ್ನ ಹೊರವಿಳಾಸವನ್ನು ಹಚ್ಚಿ, ಕೇಳಿದ ಸಾಧನ ಯಾವುದೆಂದು ದಾಖಲಿಸಿಟ್ಟುಕೊಂಡು, ಬಂದ ಉತ್ತರವನ್ನು ಅದಕ್ಕೇ ತಲುಪಿಸುತ್ತದೆ. ಈ ಅದಲುಬದಲಿಗೆ ನ್ಯಾಟ್ ಎಂದು ಹೆಸರು.

ವಿಳಾಸದ ಜೊತೆಗೇ ಕಾಣುವ 255.255.255.0 ಎಂಬ ಸಬ್‌ನೆಟ್ ಮಾಸ್ಕಿನ ಕಡೆಗೆ ಬಳಕೆದಾರರ ಗಮನ ಹರಿಯುವುದು ಕಡಿಮೆ. ಇದು ವಿಷಾದದ ಸಂಗತಿ, ಏಕೆಂದರೆ ಜಾಲದ ಗಡಿಯನ್ನು ನಿರ್ಧರಿಸುವುದೇ ಅದು. ಮೊದಲ ಮೂರು ಸಂಖ್ಯೆಗಳು ಜಾಲವನ್ನೂ ಕೊನೆಯದು ಸಾಧನವನ್ನೂ ಸೂಚಿಸುತ್ತವೆ ಎಂಬುದು ಈ ಮಾಸ್ಕಿನ ಅರ್ಥ. ಮಾಹಿತಿ ಕಳುಹಿಸುವ ಮುನ್ನ ಪ್ರತಿಯೊಂದು ಸಾಧನವೂ ಗುರಿ ತನ್ನ ಜಾಲದೊಳಗಿದೆಯೇ ಎಂದು ಪರೀಕ್ಷಿಸಿ, ಇದ್ದರೆ ನೇರವಾಗಿ, ಇಲ್ಲದಿದ್ದರೆ ಗೇಟ್‌ವೇ ಎನಿಸಿದ ರೂಟರಿನ ಮೂಲಕ ಕಳುಹಿಸುತ್ತದೆ. ಕೊನೆಯ ಸಂಖ್ಯೆಗಳಲ್ಲಿ 0 ಜಾಲದ ಗುರುತಿಗೂ 255 ಎಲ್ಲರಿಗೂ ಏಕಕಾಲಕ್ಕೆ ಕಳುಹಿಸುವ ಸಂದೇಶಕ್ಕೂ ಮೀಸಲಾಗಿ, ರೂಟರೂ ಸೇರಿದಂತೆ 254 ಸಾಧನಗಳಿಗೆ ಸ್ಥಳ ಉಳಿಯುತ್ತದೆ.

ವಿಳಾಸ ಹಂಚುವ ಕೆಲಸವನ್ನು ರೂಟರಿನೊಳಗಿನ ಡಿಎಚ್‌ಸಿಪಿ ವ್ಯವಸ್ಥೆ ನಿಗದಿತ ಅವಧಿಯ ಗೇಣಿಯಂತೆ ನಡೆಸುತ್ತದೆ. ಕಂಪ್ಯೂಟರಿನಲ್ಲಿ 169.254 ಎಂದು ಆರಂಭವಾಗುವ ವಿಳಾಸ ಕಂಡರೆ ಅದಕ್ಕೆ ಗೇಣಿ ದೊರೆತಿಲ್ಲವೆಂದೇ ತಿಳಿಯಬೇಕು. ಪ್ರಿಂಟರಿನ ವಿಳಾಸ ಬದಲಾಗುತ್ತಿದ್ದರೆ ಕಂಪ್ಯೂಟರಿಗೆ ಅದು ಸಿಗದೆ ಹೋಗಬಹುದಾದ್ದರಿಂದ, ರೂಟರಿನಲ್ಲೇ ಅದಕ್ಕೊಂದು ವಿಳಾಸವನ್ನು ಕಾಯ್ದಿರಿಸುವುದು ಲೇಸು. ಹಂಚಿಕೆಯ ಶ್ರೇಣಿಯೊಳಗಿನ ಸಂಖ್ಯೆಯೊಂದನ್ನು ಪ್ರಿಂಟರಿನಲ್ಲಿ ಕೈಯಾರೆ ನಮೂದಿಸಿದರೆ ಅದೇ ಸಂಖ್ಯೆ ಫೋನೊಂದಕ್ಕೂ ಹೋಗಿ ಎರಡೂ ತಡವರಿಸಬಹುದು.

ಹಿಂದಿನ ಕೋಣೆಗೆ ವೈ-ಫೈ ಸಾಲದೆಂದು ಎರಡನೆಯ ರೂಟರ್ ಜೋಡಿಸುವಾಗ ತೊಡಕು ಹೆಚ್ಚು: ಮೊದಲ ರೂಟರಿನಿಂದ ಬಂದ ತಂತಿಯನ್ನು ಅದರ ವ್ಯಾನ್ (ಹೊರಜಾಲದ) ಕಿಂಡಿಗೆ ಸಿಕ್ಕಿಸಿದರೆ ಮನೆಯೊಳಗೇ ಇನ್ನೊಂದು ಜಾಲ ಹುಟ್ಟಿ, ಪ್ರಿಂಟರ್ ಗಡಿಯಾಚೆ ಉಳಿಯುತ್ತದೆ. ಎರಡನೆಯದಕ್ಕೆ 192.168.1.2ರಂತಹ, ಮೊದಲನೆಯದರ ಜಾಲಕ್ಕೇ ಸೇರಿದ ಆದರೆ ಬೇರಾರಿಗೂ ಹಂಚದ ವಿಳಾಸ ಕೊಟ್ಟು, ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ತಂತಿಯನ್ನು ಲ್ಯಾನ್ (ಒಳಜಾಲದ) ಕಿಂಡಿಗೆ ಸೇರಿಸಿದರೆ ಎರಡೂ ಕೋಣೆಗಳು ಒಂದೇ ಜಾಲವಾಗುತ್ತವೆ.