ಮನೆಗೆ ಬಂದ ಮೈದಾನ

ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯು ಭಾಗಮಂಡಲ, ಕುಶಾಲನಗರಗಳನ್ನು ಹಾದು, ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು, ಶಿರಂಗಾಲದ ಬಳಿ ಕೊಡಗಿನ ಎಲ್ಲೆಯನ್ನು ದಾಟುತ್ತದೆ. ಕೊಡಗು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವ ಕಾಫಿಯ ತೋಟ, ಏಲಕ್ಕಿಯ ಮಲೆ, ವಾರಗಟ್ಟಲೆ ಬಿಡದೆ ಸುರಿಯುವ ಮಳೆ ಇವು ಈ ಕಡೆ ವಿರಳ. ಇದು ಬಯಲುಸೀಮೆಯ ಗಾಳಿ ಬೀಸುವ ಊರು. ಭತ್ತ, ಮುಸುಕಿನ ಜೋಳ, ಶುಂಠಿ, ಹೊಗೆಸೊಪ್ಪುಗಳನ್ನು ಬೆಳೆಯುವ ರೈತರ ಊರು. ಇಲ್ಲಿಂದ ಮುಂದೆ ಹಾಸನ ಜಿಲ್ಲೆ. ಜಿಲ್ಲೆಯ ಒಂದು ತುದಿಯಲ್ಲಿರುವ ಈ ಊರಿನಿಂದ ಮಡಿಕೇರಿಯನ್ನು ದಾಟಿ ನಾಪೋಕ್ಲಿನ ಆಟದ ಮೈದಾನವನ್ನು ಸೇರಬೇಕಾದರೆ ಸುಮಾರು 70 ಕಿಲೋಮೀಟರು ಪಯಣಿಸಬೇಕು. ಹೋಗಿ ಬರುವುದರಲ್ಲಿ ಹಗಲೊಂದು ಮುಗಿಯುತ್ತದೆ. ಕೊಡಗಿನ ದೊಡ್ಡ ಆಟೋಟಗಳು ನಡೆಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಹೊಗೆಸೊಪ್ಪಿನ ಸಸಿಮಡಿಗಳಿಗೆ ನೀರುಣಿಸಿ, ಮೊದಲ ಮಳೆಗೆ ಹೊಲವನ್ನು ಹಸನು ಮಾಡಿಕೊಳ್ಳಬೇಕಾದುದೂ ಅದೇ ತಿಂಗಳುಗಳಲ್ಲಿ. ಮಗನೋ ಮಗಳೋ ತಂಡದಲ್ಲಿ ಆಡುತ್ತಿದ್ದರೂ ತಂದೆತಾಯಿಗಳು ಹೊಲವನ್ನು ಬಿಟ್ಟು ಹೋಗುವಂತಿಲ್ಲ.

ಇದು ಶಿರಂಗಾಲದ ಮಾತು ಮಾತ್ರವಲ್ಲ. ಇಲ್ಲಿಗೆ ಹತ್ತಿರದ ಕೂಡಿಗೆಯಲ್ಲಿ ಸರ್ಕಾರದ ಕ್ರೀಡಾ ಶಾಲೆಯಿದೆ. ರಾಜ್ಯದ ಬೇರೆ ಬೇರೆ ಜಿಲ್ಲೆಗಳ ಮಕ್ಕಳು ಅಲ್ಲಿಯೇ ಉಳಿದು ಓದುತ್ತಾರೆ, ಹಾಕಿ ಮೊದಲಾದ ಆಟಗಳನ್ನು ಕಲಿಯುತ್ತಾರೆ. ಅವರ ಹೆತ್ತವರಲ್ಲಿ ಎಷ್ಟು ಮಂದಿ ಮಕ್ಕಳ ಆಟವನ್ನು ಕಣ್ಣಾರೆ ಕಂಡಿದ್ದಾರು? ಸಂಜೆ ದೂರವಾಣಿಯಲ್ಲಿ “ಗೆದ್ದೆವು” ಅಥವಾ “ಸೋತೆವು” ಎಂಬ ಒಂದು ಮಾತು ತಲುಪುತ್ತಿತ್ತು, ಅಷ್ಟೆ. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಲು ಬಂದ ಸಾಧನವೇ ಅಂತರಜಾಲದ ಮೂಲಕ ನಡೆಯುವ ಪಂದ್ಯಗಳ ನೇರ ಪ್ರಸಾರ.

ದೂರದಲ್ಲಿ ನಡೆಯುವ ಆಟವನ್ನು ಮನೆಯಲ್ಲಿ ಕುಳಿತು ಅನುಭವಿಸಬೇಕೆಂಬ ಆಸೆ ಹೊಸದಲ್ಲ. 1936ರಲ್ಲಿ ಬರ್ಲಿನ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳನ್ನು ದೂರದರ್ಶನದ ಮೂಲಕ ಆ ನಗರದ ಕೆಲವು ಸಾರ್ವಜನಿಕ ಕೊಠಡಿಗಳಲ್ಲಿ ತೋರಿಸಲಾಯಿತು. ಧ್ಯಾನ್‌ಚಂದರ ನಾಯಕತ್ವದಲ್ಲಿ ಭಾರತವು ಹಾಕಿಯ ಚಿನ್ನವನ್ನು ಗೆದ್ದದ್ದು ಅದೇ ಕ್ರೀಡಾಕೂಟದಲ್ಲಿ. ನಮ್ಮ ನಾಡಿನಲ್ಲಿ ಬಹುಕಾಲ ಬಾನುಲಿಯೇ ಆಟದ ಕಣ್ಣಾಗಿತ್ತು. 1975ರ ಮಾರ್ಚ್ ತಿಂಗಳಲ್ಲಿ ಕ್ವಾಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಹಾಕಿಯ ವಿಶ್ವಕಪ್ಪನ್ನು ಪಡೆಯಿತು. ಆ ತಂಡದಲ್ಲಿ ಸೋಮವಾರಪೇಟೆಯ ಬಿ. ಪಿ. ಗೋವಿಂದ ಅವರಿದ್ದರು, ಶಿರಂಗಾಲವು ಆಗ ಅದೇ ತಾಲ್ಲೂಕಿಗೆ ಸೇರಿತ್ತು. ಅಂದು ಆ ಆಟವನ್ನು ಕೇಳಿದವರು ಕಂಡದ್ದು ವಿವರಣಕಾರನ ಮಾತಿನಲ್ಲಿ. ಅವನ ದನಿ ಏರಿದರೆ ಚೆಂಡು ಗೋಲಿನ ಹತ್ತಿರ ಬಂದಿದೆಯೆಂದು ಅರ್ಥ. 1982ರ ಏಷ್ಯಾ ಕ್ರೀಡಾಕೂಟದೊಡನೆ ದೂರದರ್ಶನಕ್ಕೆ ಬಣ್ಣ ಬಂದಿತು. ಆದರೆ ಬಾನುಲಿಯಾಗಲಿ ದೂರದರ್ಶನವಾಗಲಿ ದೇಶದ ತಂಡದ ಆಟಕ್ಕೆ ಹೋಗುತ್ತಿದ್ದವೇ ಹೊರತು, ತಾಲ್ಲೂಕು ಮಟ್ಟದ ಹುಡುಗರ ಆಟಕ್ಕೆ ಬರುತ್ತಿರಲಿಲ್ಲ. ಕೋಟ್ಯಂತರ ಜನರು ನೋಡುವ ಆಟಕ್ಕಷ್ಟೇ ಆ ವೆಚ್ಚವು ತಾಳುತ್ತಿತ್ತು. ನಲವತ್ತು ಮನೆಯವರು ಮಾತ್ರ ನೋಡಬಯಸುವ ಆಟವನ್ನು ಆ ನಲವತ್ತು ಮನೆಗಳಿಗೇ ತಲುಪಿಸಬಹುದು ಎಂಬುದು ಅಂತರಜಾಲವು ತಂದ ನಿಜವಾದ ಬದಲಾವಣೆ.

ಕೊಡಗಿನಲ್ಲಿ ಈ ಬದಲಾವಣೆಯು ಎದ್ದು ಕಾಣುವುದು ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದಾಗ 60 ಕುಟುಂಬಗಳು ಸೇರಿದ್ದವು. ಪ್ರತಿವರ್ಷವೂ ಒಂದೊಂದು ಕುಟುಂಬವು ಆತಿಥ್ಯವನ್ನು ವಹಿಸುವುದು ವಾಡಿಕೆ. 2018ರ ಮಹಾಮಳೆ ಮತ್ತು ಅನಂತರದ ಕೋವಿಡ್ ಪಿಡುಗಿನಿಂದ ಕೆಲವು ವರ್ಷ ನಿಂತಿದ್ದ ಉತ್ಸವವು 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದ ಆತಿಥ್ಯದಲ್ಲಿ ನಾಪೋಕ್ಲಿನಲ್ಲಿ ಮರಳಿ ನಡೆಯಿತು. 2024ರಲ್ಲಿ ಕುಂಡ್ಯೋಳಂಡ ಕುಟುಂಬವು ಅಲ್ಲಿಯೇ ನಡೆಸಿದ ಕೂಟಕ್ಕೆ 360 ಕುಟುಂಬಗಳೂ, 2025ರಲ್ಲಿ ಮುದ್ದಂಡ ಕುಟುಂಬವು ಮಡಿಕೇರಿಯಲ್ಲಿ ನಡೆಸಿದ ಕೂಟಕ್ಕೆ 396 ಕುಟುಂಬಗಳೂ ಹೆಸರು ನೋಂದಾಯಿಸಿದವು. ಇಲ್ಲಿ ಶಾಲೆಯ ಹುಡುಗನೂ ನರೆತ ತಲೆಯ ಹಿರಿಯನೂ ಒಂದೇ ತಂಡದಲ್ಲಿ ಆಡುತ್ತಾರೆ. ಹೆಣ್ಣುಮಕ್ಕಳೂ ಗಂಡಸರೊಡನೆ ಕೋಲು ಹಿಡಿದು ಇಳಿಯುತ್ತಾರೆ. ಆದರೆ ಕುಟುಂಬದವರೆಲ್ಲರೂ ಕೊಡಗಿನಲ್ಲಿಯೇ ಇಲ್ಲವಷ್ಟೆ? ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಗಡಿಯ ಸೇನಾ ಠಾಣ್ಯದಲ್ಲಿ, ಇನ್ನೊಬ್ಬರು ಸಮುದ್ರದಾಚೆಯ ದೇಶದಲ್ಲಿ. ಈಚಿನ ವರ್ಷಗಳಲ್ಲಿ ಈ ಉತ್ಸವದ ಪಂದ್ಯಗಳು ಅಂತರಜಾಲದಲ್ಲಿ ನೇರವಾಗಿ ಪ್ರಸಾರವಾಗುತ್ತಿರುವುದರಿಂದ ಅವರೂ ತಮ್ಮವರ ಆಟವನ್ನು ಆಡಿದ ಗಳಿಗೆಯಲ್ಲಿಯೇ ಕಾಣುತ್ತಿದ್ದಾರೆ.

ಆಡಿದ ಗಳಿಗೆಯಲ್ಲಿಯೇ ಎಂದೆ. ಈ ಮಾತಿಗೆ ಒಂದು ತಿದ್ದುಪಡಿ ಬೇಕು. ಅದನ್ನು ಅರಿಯಲು ಚಿತ್ರವು ಸಾಗುವ ಬಗೆಯನ್ನು ತಿಳಿಯಬೇಕು.

ಮೈದಾನದ ಅಂಚಿನಲ್ಲಿ ಮುಕ್ಕಾಲಿಯ ಮೇಲೆ ನಿಂತ ಕ್ಯಾಮೆರಾ ಸಾಮಾನ್ಯವಾಗಿ ಒಂದು ಸೆಕೆಂಡಿಗೆ 30 ಬಿಡಿಚಿತ್ರಗಳನ್ನು ಹಿಡಿಯುತ್ತದೆ. ಒಂದೊಂದು ಚಿತ್ರವೂ ಅಡ್ಡಲಾಗಿ 1920, ಉದ್ದಕ್ಕೆ 1080, ಅಂದರೆ ಒಟ್ಟು 20,73,600 ಬಣ್ಣದ ಚುಕ್ಕೆಗಳಿಂದಾದದ್ದು. ಒಂದೊಂದು ಚುಕ್ಕೆಯ ಬಣ್ಣವನ್ನು ಹೇಳಲು 24 ಬಿಟ್‌ಗಳು ಬೇಕು. ಗುಣಿಸಿ ನೋಡಿದರೆ, ಒಂದು ಸೆಕೆಂಡಿನ ಆಟಕ್ಕೆ ಸುಮಾರು 150 ಕೋಟಿ ಬಿಟ್‌ಗಳಾಗುತ್ತವೆ. ಇಷ್ಟನ್ನು ಹೊತ್ತೊಯ್ಯುವ ಶಕ್ತಿ ನಮ್ಮ ಊರುಗಳ ಮೊಬೈಲು ಗೋಪುರಗಳಿಗೆ ಇಲ್ಲ. ಆದುದರಿಂದ ಕಳುಹಿಸುವ ಮೊದಲು ಚಿತ್ರವನ್ನು ಅಡಕಗೊಳಿಸುತ್ತಾರೆ. ಇದರ ಉಪಾಯ ಸರಳವಾದುದು. ಪರಸ್ಥಳದಲ್ಲಿರುವ ಅಣ್ಣನಿಗೆ ಪತ್ರ ಬರೆಯುವವನು ದಿನದಿನವೂ ಮನೆ, ಬಾವಿ, ಬೇಲಿಗಳನ್ನೆಲ್ಲ ವರ್ಣಿಸುವುದಿಲ್ಲ. “ಎಲ್ಲವೂ ನಿನ್ನೆಯಂತೆಯೇ ಇದೆ, ಕೆಂದ ಹಸು ಮಾತ್ರ ಕರು ಹಾಕಿದೆ” ಎನ್ನುತ್ತಾನೆ. ಅಂತೆಯೇ ಯಂತ್ರವು, ಹಿಂದಿನ ಚಿತ್ರದಲ್ಲಿ ಇದ್ದಂತೆಯೇ ಇರುವ ಹುಲ್ಲು, ಗೆರೆ, ಕಂಬಗಳನ್ನು ಬಿಟ್ಟು, ಬದಲಾದ ಭಾಗವನ್ನಷ್ಟೇ ತಿಳಿಸುತ್ತದೆ. ಹೀಗೆ 150 ಕೋಟಿಯು 50 ಲಕ್ಷಕ್ಕೆ, ಎಂದರೆ ಮುನ್ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಲೆಕ್ಕದಲ್ಲಿಯೂ ಒಂದು ಗಂಟೆಯ ಪ್ರಸಾರಕ್ಕೆ ಎರಡೂಕಾಲು ಗಿಗಾಬೈಟ್ ದತ್ತಾಂಶ ವ್ಯಯವಾಗುತ್ತದೆಂಬುದನ್ನು ಕ್ರೀಡಾ ಸಂಘದವರು ಮೊದಲೇ ಎಣಿಸಿಕೊಂಡಿರಬೇಕು.

ಅಡಕಗೊಂಡ ಚಿತ್ರಪ್ರವಾಹವು ಮೊಬೈಲು ಗೋಪುರದ ಮೂಲಕವೋ ತಂತಿಯ ಮೂಲಕವೋ ಎಲ್ಲಿಯೋ ದೂರದಲ್ಲಿರುವ ದೊಡ್ಡ ಗಣಕವನ್ನು ಸೇರುತ್ತದೆ. ಅಲ್ಲಿ ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಉತ್ತಮ, ಮಧ್ಯಮ, ಸಾಧಾರಣ ಎಂಬಂತೆ ಹಲವು ದರ್ಜೆಗಳಲ್ಲಿ ಸಿದ್ಧಪಡಿಸುತ್ತಾರೆ. ನೋಡುವವರ ಮೊಬೈಲು ತನ್ನ ಸಂಪರ್ಕದ ಬಲಕ್ಕೆ ತಕ್ಕ ದರ್ಜೆಯನ್ನು ಆರಿಸಿಕೊಳ್ಳುತ್ತದೆ. ಬೆಟ್ಟದ ಮರೆಯ ಮನೆಯಲ್ಲಿ ಚಿತ್ರವು ಒಮ್ಮೆ ತಿಳಿಯಾಗಿ, ಒಮ್ಮೆ ಮಸುಕಾಗಿ ಕಾಣುವುದು ಈ ಕಾರಣದಿಂದ. ಅದು ಕ್ಯಾಮೆರಾದವನ ತಪ್ಪಲ್ಲ. ಆಟವು ನಡುವೆ ತಡವರಿಸದಿರಲೆಂದು ಮೊಬೈಲು ಎರಡು ಮೂರು ತುಂಡುಗಳನ್ನು ಮುಂಗಡವಾಗಿ ಕೂಡಿಟ್ಟುಕೊಂಡು ಆಮೇಲೆ ತೋರಿಸಲಾರಂಭಿಸುತ್ತದೆ. ಇವೆಲ್ಲ ಸೇರಿ ಹತ್ತರಿಂದ ಮೂವತ್ತು ಸೆಕೆಂಡುಗಳಷ್ಟು ವಿಳಂಬವಾಗುವುದು ಸಾಮಾನ್ಯ. ಮೈದಾನದಲ್ಲಿರುವ ಚಿಕ್ಕಪ್ಪನು ದೂರವಾಣಿಯಲ್ಲಿ “ಗೋಲು!” ಎಂದು ಕೂಗುವಾಗ, ಮನೆಯವರ ಪರದೆಯ ಮೇಲೆ ಚೆಂಡು ಇನ್ನೂ ನಡುಗೆರೆಯಲ್ಲಿಯೇ ಇರುತ್ತದೆ. ಆಟವನ್ನು ಸವಿಯಬೇಕೆನ್ನುವವರು ಚಿಕ್ಕಪ್ಪನ ಕರೆಯನ್ನು ತೆಗೆದುಕೊಳ್ಳದಿರುವುದೇ ಲೇಸು.

ಈ ವಿಳಂಬಕ್ಕಿಂತ ಗಮನಿಸಬೇಕಾದುದು ಇನ್ನೊಂದಿದೆ. ಬಲವಾಗಿ ಹೊಡೆದ ಹಾಕಿಯ ಚೆಂಡು ಗಂಟೆಗೆ 100 ಕಿಲೋಮೀಟರನ್ನು ಮೀರಿದ ವೇಗದಲ್ಲಿ ಧಾವಿಸಬಲ್ಲದು. ಅಂದರೆ ಒಂದು ಬಿಡಿಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು ಸುಮಾರು ಒಂದು ಮೀಟರು ಮುಂದೆ ಹೋಗಿರುತ್ತದೆ. ಆ ಒಂದು ಮೀಟರಿನಲ್ಲಿ ನಡೆದದ್ದು ಕ್ಯಾಮೆರಾಕ್ಕೂ ತಿಳಿಯದು. ಮೇಲಾಗಿ, ಅಡಕಗೊಳಿಸುವಾಗ ಬಿಳಿಯ ಸಣ್ಣ ಚೆಂಡು ಬಿಳಿಯ ಗೆರೆಯ ಮೇಲೆ ಕರಗಿಹೋಗುವುದೂ ಉಂಟು. ಹೀಗಿರುವಲ್ಲಿ, ಮನೆಯಲ್ಲಿ ಕುಳಿತವರು “ಅದು ಗೋಲೇ ಅಲ್ಲ, ತೀರ್ಪುಗಾರನಿಗೆ ಕಣ್ಣಿಲ್ಲ” ಎಂದು ಪಟ್ಟು ಹಿಡಿಯುವುದು ಎಷ್ಟರ ಮಟ್ಟಿಗೆ ಸರಿ? ಹತ್ತು ಹೆಜ್ಜೆ ದೂರದಲ್ಲಿ ನಿಂತ ತೀರ್ಪುಗಾರನ ಬರಿಗಣ್ಣು ಅಂಗೈಯಗಲದ ಪರದೆಗಿಂತ ಹೆಚ್ಚು ಕಂಡಿರುತ್ತದೆ. ಕ್ಯಾಮೆರಾ ತನ್ನೆಡೆಗೆ ತಿರುಗದ ಆಟವನ್ನು ತೋರಿಸಲಾರದು ಎಂಬುದೂ ನೆನಪಿರಲಿ. ಚೆಂಡಿನ ಹಿಂದೆ ಓಡುವ ಮುಂಚೂಣಿಯವನು ಪರದೆಯ ತುಂಬ ಕಾಣುತ್ತಾನೆ. ಎದುರಾಳಿಯ ದಾರಿಯನ್ನು ಊಹಿಸಿ, ಚೆಂಡಿಲ್ಲದೆಯೇ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಲನ್ನು ಕಾಯ್ದ ಹಿಂಬದಿಯ ಆಟಗಾರ್ತಿ ಕಾಣುವುದೇ ಇಲ್ಲ.

ಕ್ಯಾಮೆರಾ ಹಿಡಿಯಲು ಜನರಿಲ್ಲದ ಕಡೆ ಚೆಂಡನ್ನು ತಾನೇ ಗುರುತಿಸಿ ಹಿಂಬಾಲಿಸುವ ಯಂತ್ರಗಳೂ ಬಂದಿವೆ. 2020ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ ನಗರದಲ್ಲಿ ಒಂದು ಫುಟ್ಬಾಲ್ ಪಂದ್ಯ ನಡೆಯಿತು. ಕೋವಿಡ್ಡಿನ ಕಾಲವಾದ್ದರಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಅಭಿಮಾನಿಗಳು ಮನೆಗಳಲ್ಲಿ ನೇರ ಪ್ರಸಾರವನ್ನು ನೋಡುತ್ತಿದ್ದರು. ಗೆರೆಯ ಬಳಿ ಓಡಾಡುತ್ತಿದ್ದ ಸಹಾಯಕ ತೀರ್ಪುಗಾರರ ತಲೆ ಬೋಳಾಗಿತ್ತು. ಯಂತ್ರವು ಅದನ್ನೇ ಚೆಂಡೆಂದು ಬಗೆದು, ಆಟವನ್ನು ಬಿಟ್ಟು, ಮತ್ತೆ ಮತ್ತೆ ಆ ತಲೆಯ ಕಡೆಗೇ ತಿರುಗುತ್ತಿತ್ತು!

ಇನ್ನು ಆಡುವ ಮಕ್ಕಳ ವಿಷಯ. ಕ್ರೀಡಾ ಸಂಘವೊಂದು ಮೊತ್ತಮೊದಲು ನೇರ ಪ್ರಸಾರವನ್ನು ಕೈಗೊಳ್ಳುವಾಗ ಯಂತ್ರಕ್ಕಿಂತ ಹೆಚ್ಚಿನ ಎಚ್ಚರ ಇಲ್ಲಿ ಬೇಕೆಂದು ನನ್ನ ಅಭಿಪ್ರಾಯ. ಮೈದಾನದ ಸುತ್ತ ನಿಂತವರನ್ನು ಆಟಗಾರನು ತಾನೂ ನೋಡಬಲ್ಲ. ಪರದೆಯ ಹಿಂದಿರುವವರನ್ನು ನೋಡಲಾರ. ಕಾಣದೆ ಕಾಣುವ ಈ ಕಣ್ಣುಗಳಲ್ಲಿ ಮನೆಯವರೂ ಇರಬಹುದು, ಸಂಬಂಧವಿಲ್ಲದವರೂ ಇರಬಹುದು. ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ದತ್ತಾಂಶವನ್ನು ಬಳಸುವ ಮೊದಲು ತಂದೆತಾಯಿಗಳ ಖಚಿತವಾದ ಸಮ್ಮತಿ ಬೇಕೆಂದು ವಿಧಿಸಿದೆ. ಕಾನೂನಿನ ಮಾತು ಹಾಗಿರಲಿ. ಪಂದ್ಯಕ್ಕೆ ಒಂದು ವಾರ ಮೊದಲೇ ಹೆತ್ತವರನ್ನು ಶಾಲೆಗೆ ಕರೆದು, ಏನನ್ನು ತೋರಿಸುತ್ತೇವೆ, ಯಾರು ನೋಡಬಲ್ಲರು, ಎಷ್ಟು ದಿನ ಉಳಿಸುತ್ತೇವೆ ಎಂದು ಅವರ ಮಾತಿನಲ್ಲಿಯೇ ತಿಳಿಸುವುದು ಸೌಜನ್ಯ. ಎಲ್ಲರಿಗೂ ತೆರೆದಿಡುವ ಬದಲು, ಕೊಂಡಿಯನ್ನು ಪಡೆದ ಮನೆಗಳಿಗೆ ಮಾತ್ರ ಕಾಣುವಂತೆ ಪ್ರಸಾರ ಮಾಡುವ ಅನುಕೂಲವುಂಟು. ಆ ಕೊಂಡಿಯನ್ನು ಪಡೆದವರು ಬೇರೆಯವರಿಗೆ ಹಂಚಿದರೆ ಕಟ್ಟು ಸಡಿಲವಾಗುತ್ತದೆಂಬುದನ್ನೂ ಹೇಳಬೇಕು. ಒಂದು ಮನೆಯವರು ತಮ್ಮ ಮಗಳ ಚಿತ್ರ ಬೇಡವೆಂದರೆ ಆಕೆಯನ್ನು ತಂಡದಿಂದ ಬಿಡುವುದು ನ್ಯಾಯವಲ್ಲ. ಆ ಪಂದ್ಯದ ಪ್ರಸಾರವನ್ನೇ ಬಿಡಬೇಕು. ಆಟವು ಪ್ರಸಾರಕ್ಕಾಗಿ ಇರುವುದಲ್ಲ.

ಚಿತ್ರದ ಪಕ್ಕದಲ್ಲಿ ನೋಡುಗರು ತಮ್ಮ ಅನಿಸಿಕೆಗಳನ್ನು ಬರೆಯುವ ಸ್ಥಳವಿರುತ್ತದೆ. ಮಕ್ಕಳ ಪಂದ್ಯದಲ್ಲಿ ಅದನ್ನು ಮುಚ್ಚಿಡುವುದು ಮೇಲು. ಮೈದಾನದಲ್ಲಿ ಯಾರೋ ಆಡಿದ ಕಟುನುಡಿ ಗಾಳಿಯಲ್ಲಿ ಹೋಗುತ್ತದೆ. ಗೋಲುಕಾವಲಿನ ಹುಡುಗನು ಚೆಂಡನ್ನು ಬಿಟ್ಟ ಆ ಕ್ಷಣದಲ್ಲಿ ಬರೆದ ಕಟುನುಡಿಯನ್ನು ಅವನು ಸಂಜೆ ಓದುತ್ತಾನೆ, ಮರುದಿನವೂ ಓದುತ್ತಾನೆ. ಅವನ ತರಗತಿಯವರೂ ಓದುತ್ತಾರೆ. ಮಕ್ಕಳ ಪೂರ್ಣ ಹೆಸರು, ಊರು, ವಸತಿಯ ವಿವರಗಳನ್ನು ವಿವರಣಕಾರನು ಹೇಳಬೇಕಾದ ಅಗತ್ಯವೂ ಇಲ್ಲ. ಅಂಗಿಯ ಮೇಲಿನ ಸಂಖ್ಯೆ ಸಾಕು. ತಮ್ಮ ಮಗುವಿನ ಸಂಖ್ಯೆ ಮನೆಯವರಿಗೆ ಗೊತ್ತೇ ಇರುತ್ತದೆ.

ಉಪಕರಣದ ಮಾತು ಬಹಳವಿಲ್ಲ. ಒಂದು ಒಳ್ಳೆಯ ಮೊಬೈಲು, ಅಲುಗದ ಮುಕ್ಕಾಲಿ, ವಿದ್ಯುತ್ತು ಹೋದರೆ ಕೈಕೊಡದ ಬ್ಯಾಟರಿ, ಮಳೆ ಬಂದರೆ ಹೊದಿಸಲು ಒಂದು ಹೊದಿಕೆ ಇಷ್ಟಿದ್ದರೆ ಆರಂಭಿಸಬಹುದು. ಕ್ಯಾಮೆರಾವನ್ನು ನಡುಗೆರೆಯ ನೇರಕ್ಕೆ, ಸ್ವಲ್ಪ ಎತ್ತರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಬೇಕು. ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಸ್ಥಳದಲ್ಲಿ ಒಮ್ಮೆ ಪರೀಕ್ಷಿಸಿ ನೋಡಬೇಕು. ಆದರೂ ಪಂದ್ಯದ ದಿನ ನೂರಾರು ಮಂದಿ ತಮ್ಮ ಮೊಬೈಲುಗಳೊಡನೆ ಬಂದು ಸೇರಿದಾಗ ಅದೇ ಗೋಪುರದ ಮೇಲೆ ಭಾರ ಹೆಚ್ಚಿ ಸಂಪರ್ಕವು ಕುಗ್ಗುವುದುಂಟು. ಆಗ ಚಿತ್ರದ ದರ್ಜೆಯನ್ನು ತಗ್ಗಿಸಿದರೆ ಪ್ರಸಾರ ನಿಲ್ಲುವುದಿಲ್ಲ. ದೊಡ್ಡ ತೆರೆಯಿಲ್ಲದ ಮನೆಗಳವರು ಊರಿನ ಸಮುದಾಯ ಭವನದಲ್ಲಿ ಒಟ್ಟಿಗೆ ನೋಡುವ ಏರ್ಪಾಡು ಮಾಡಿಕೊಂಡರೆ ದತ್ತಾಂಶದ ವೆಚ್ಚವೂ ಉಳಿಯುತ್ತದೆ, ನೋಡುವ ಉತ್ಸಾಹವೂ ಹೆಚ್ಚುತ್ತದೆ. ಮೊಬೈಲಿನ ಬಳಕೆ ತಿಳಿಯದ ಅಜ್ಜ ಅಜ್ಜಿಯರಿಗೆ ಅದನ್ನು ತೆರೆದು ಕೊಡುವ ಕೆಲಸವು ಹೇಗೂ ನಿಮ್ಮ ವಯಸ್ಸಿನವರ ಪಾಲಿಗೇ ಬರುತ್ತದೆ.

ಪಂದ್ಯ ಮುಗಿದ ಬಳಿಕ ಉಳಿಯುವ ಮುದ್ರಿಕೆಗೆ ಇನ್ನೊಂದು ಪ್ರಯೋಜನವಿದೆ. ಶಿಕ್ಷಕರು ತಂಡವನ್ನು ಕುಳ್ಳಿರಿಸಿಕೊಂಡು ಅದನ್ನು ನಿಧಾನಗತಿಯಲ್ಲಿ ತೋರಿಸಬಹುದು. ಎದುರಾಳಿಯು ಬಲಬದಿಯಿಂದ ನುಗ್ಗಿದಾಗ ತಾನು ಎಲ್ಲಿ ನಿಂತಿದ್ದೆ, ಯಾರ ಕಡೆ ನೋಡುತ್ತಿದ್ದೆ ಎಂಬುದನ್ನು ಆಟಗಾರನು ಆಗ ಮೊದಲ ಬಾರಿಗೆ ಹೊರಗಿನಿಂದ ಕಾಣುತ್ತಾನೆ. ಹೇಳಿ ತಿದ್ದಲಾಗದ ಎಷ್ಟೋ ಅಭ್ಯಾಸಗಳನ್ನು ಈ ನೋಟವು ತಿದ್ದುತ್ತದೆ. ಇದಕ್ಕೆ ಒಂದೆರಡು ವಾರ ಸಾಕು. ಆ ಬಳಿಕ, ಹೆತ್ತವರಿಗೆ ಮೊದಲೇ ತಿಳಿಸಿದ್ದ ದಿನದಂದು, ಸಂಘದವರು ಮುದ್ರಿಕೆಯನ್ನು ಅಂತರಜಾಲದಿಂದ ತೆಗೆದು, ಬೇಕೆಂದ ಮನೆಯವರಿಗೆ ಒಂದೊಂದು ಪ್ರತಿಯನ್ನು ಕೊಡಬಹುದು.